ಕರಡಿ ಬೇಟೆಗೆ .30-06 ಸಾಕಾ, ಇಲ್ಲ .338 ಮ್ಯಾಗ್ನಮ್ ತಗೊಳ್ಲಾ?

ಅಲಾಸ್ಕಾಗೆ ಬಂದು ವರ್ಷ ಆಯ್ತು, ಮೊದಲ್ನೇ ಕರಡಿ, ಕೈಲಿರೋ .30-06 ರೈಫಲ್ ಸಾಲುತ್ತಾ, ಇಲ್ಲ ಅದಕ್ಕಿಂತ ಜೋರಾದ ತೋಟಾದ .338 ಮ್ಯಾಗ್ನಮ್ ಬೇಕಾ ಅಂತ ಕೇಳಿದೀರ. ಅಯ್ಯೋ, ಆಂಕರೇಜಲ್ಲಿ ನಾನೂ ಇದೇ ಪ್ರಶ್ನೆ ಇಟ್ಕೊಂಡು ರಾತ್ರಿ ಎರಡು ಗಂಟೆ ತನಕ ಬ್ಯಾಲಿಸ್ಟಿಕ್ಸ್ ಟೇಬಲ್ (ಯಾವ ಗುಂಡಿಗೆ ಎಷ್ಟು ವೇಗ, ಎಷ್ಟು ಬಲ ಅನ್ನೋ ಪಟ್ಟಿ) ನೋಡ್ತಾ ಕೂತಿರ್ತಿದ್ದೆ.

ನಮ್ದು ವಿರಾಜಪೇಟೆ ಕಡೆ. ಮನೇಲಿ ಕೋವಿ ಇತ್ತು, ಕೊಡವರ ಆಯುಧಪೂಜೆ ಹಬ್ಬ ಕೈಲ್‌ಪೊಳ್ದ್‌ಗೆ ತೆಂಗಿನಕಾಯಿಗೆ ಗುಂಡು ಹೊಡ್ಕೊಂಡೇ ಬೆಳ್ದೋನು, ಹಾಗಾಗಿ ನಂಗ್ಯಾರೂ ಹೇಳ್ಕೊಡೋದು ಬೇಡ ಅನ್ನೋ ಕೊಬ್ಬು. ಕರಡಿ ಅಂದ್ರೆ ಮಾತ್ರ ಒಳಗೊಳಗೇ ಪುಕಪುಕ. ಫೋನಲ್ಲಿ ದೊಡ್ಡಪ್ಪ ಬೇರೆ "ಅಲ್ಲಿ ಕರಡಿ ಹೊಡೆದ್ರೆ ಜೈಲಿಗೆ ಹಾಕಲ್ವಾ?" ಅಂತ ಕೇಳಿದ್ರು, ಊರಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಯಾರೂ ಆ ಮಾತೇ ಎತ್ತಲ್ವಲ್ಲ. ಹೆದರಿದೋನು ಅಂಗಡಿಗೆ ಹೋದ್ರೆ ಏನು ತರ್ತಾನೆ? ದೊಡ್ಡದ್ದೇ. .338 ಮ್ಯಾಗ್ನಮ್ ತಂದೆ, ಅದೂ ಹಗುರ ರೈಫಲ್, ಬೆಟ್ಟ ಹತ್ತೋಕೆ ಸುಲಭ ಅಂತ.

ತಪ್ಪಾಗಿದ್ದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳ್ತೀನಿ. .338 ಒದೆತ, ಅಂದ್ರೆ ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಗುದ್ದೋದು, .30-06ಗಿಂತ ಹೆಚ್ಚುಕಮ್ಮಿ ಒಂದೂವರೆ ಪಟ್ಟು, ರೈಫಲ್ ಹಗುರ ಆದಷ್ಟೂ ಅದು ಇನ್ನೂ ಜಾಸ್ತಿ. ರೇಂಜಲ್ಲಿ ಮೂರನೇ ಗುಂಡಿಗೇ ಸ್ಕೋಪ್ (ರೈಫಲ್ ಮೇಲಿನ ಗುರಿ ನೋಡೋ ದುರ್ಬೀನು) ಬಂದು ಹುಬ್ಬಿಗೆ ಹೊಡೀತು, ಅರ್ಧಚಂದ್ರದ ಥರ ಗಾಯ, ಮೂಗಿನ ತನಕ ರಕ್ತ. ಅವತ್ತಿಂದ ಕೋವಿ ಕುದುರೆ (ಟ್ರಿಗರ್) ಮೇಲೆ ಬೆರಳು ಇಟ್ಟ ತಕ್ಷಣ ಕಣ್ಣು ಮುಚ್ಕೊಳ್ತಿತ್ತು, ಆದ್ರೆ ಅದು ನಂಗೇ ಗೊತ್ತಿಲ್ಲ! ಗುಂಡು ಹಾರಿದ್ಮೇಲೆ ಕೋವಿ ಹೇಗೂ ಎಗರುತ್ತೆ, ಅದಕ್ಕೆ ಮುಂಚೆ ನಾನೇ ಅಲ್ಲಾಡಿದ್ದು ಕಾಣೋದಾದ್ರೂ ಹೇಗೆ? ತೋಟಾ ದುಬಾರಿ ಅಂತ ಒಂದು ಡಬ್ಬಿ, ಅಂದ್ರೆ 20 ತೋಟಾನೂ ಖಾಲಿ ಮಾಡದೆ ಹೊರಟೆ.

ಮೇ ತಿಂಗಳು, ವಿಟಿಯರ್ ಅನ್ನೋ ಬಂದರಿಂದ ಬೋಟು. ಆ ಟೈಮಲ್ಲಿ ಕಪ್ಪು ಕರಡಿಗಳು ಹೊಸ ಹುಲ್ಲು ಮೇಯೋಕೆ ಸಮುದ್ರದ ದಡಕ್ಕೆ ಇಳೀತವೆ. ನೂರು ಗಜ ದೂರದಲ್ಲಿ ಒಂದು, ಅಡ್ಡಕ್ಕೆ ನಿಂತು ದನದ ಥರ ಮೇಯ್ತಾ ಇತ್ತು. ತೆಂಗಿನಕಾಯಿಗಿಂತ ಸುಲಭದ ಗುರಿ. ಹೊಡೆದೆ, ಗುಂಡು ಹೋಗಿದ್ದು ಹೊಟ್ಟೆಗೆ. ಕರಡಿ ಒಂದ್ಸಲ ಸುತ್ತಿ ಆಲ್ಡರ್ ಪೊದೆ ಒಳಗೆ ನುಗ್ತು. ಕೊಬ್ಬು, ಕೂದಲು ಎರಡೂ ದಪ್ಪ ಇರೋದ್ರಿಂದ ರಕ್ತ ಕೆಳಗೆ ಬೀಳೋದೇ ಕಮ್ಮಿ, ಎರಡು ದಿನ ತೆವಳಿಕೊಂಡು ಹುಡುಕಿದ್ರೂ ಸಿಕ್ಕಿದ್ದು ಒಂದೆಲೆ ಮೇಲೆ ಉಗುರಿನಷ್ಟು ರಕ್ತ. ಅದು ಎಲ್ಲೋ ನರಳಿ ಸತ್ತಿರುತ್ತೆ, ಮಾಡಿದೋನು ನಾನು.

ಆಮೇಲೆ ಇಲ್ಲಿನ ಒಬ್ಬ ಮುದುಕ, ಪಕ್ಕದ ಮನೆಯೋನು, ರೇಂಜಿಗೆ ಕರ್ಕೊಂಡು ಹೋಗಿ ನಂಗೆ ತೋರಿಸದೆ ತೋಟಾ ತುಂಬಿ ಕೊಡ್ತಾ ಹೋದ. ಮೂರನೇದು ಡಮ್ಮಿ, ಅಂದ್ರೆ ಹಾರದ ಖಾಲಿ ತೋಟಾ. ಕುದುರೆ ಎಳೆದೆ, ಟಕ್ ಅಂತು ಅಷ್ಟೇ, ಆದ್ರೂ ನಳಿಗೆ ಮುಂದೆ ನಾಲ್ಕು ಬೆರಳು ಕೆಳಗೆ ಬಗ್ತು. ನಾಚಿಕೆ ಆಗೋಯ್ತು. ಮುದುಕ ಏನೂ ಮಾತಾಡ್ಲಿಲ್ಲ, ಫ್ಲಾಸ್ಕಿಂದ ಕಾಫಿ ಬಗ್ಗಿಸಿ ಕೊಟ್ಟ.

ಅದಕ್ಕೇ ಹೇಳ್ತಿದೀನಿ, ನಿಮ್ಮ ಪ್ರಶ್ನೇನೇ ತಪ್ಪು. ಯಾವ ತೋಟಾ ಅನ್ನೋದು ಕೊನೇ ಮಾತು. .30-06 ಬಂದಿದ್ದು 1906ರಲ್ಲಿ, ಅವತ್ತಿಂದ ಕರಡಿ ಬೀಳಿಸ್ತಾನೇ ಇದೆ. ಕಪ್ಪು ಕರಡಿಗೆ 180 ಗ್ರೇನ್ (ಬುಲೆಟ್ಟಿನ ತೂಕದ ಅಳತೆ), ಕಂದು ಕರಡಿಗೆ 200 ಇಲ್ಲ 220, ಬುಲೆಟ್ ಮಾತ್ರ ಒಳಗೆ ಚೂರಾಗದ್ದು ಇರ್ಲಿ, ನೋಸ್ಲರ್ ಪಾರ್ಟಿಷನ್ ಅನ್ನೋ ಬ್ರ್ಯಾಂಡಿನ ಥರದ್ದು. ಅಲ್ಲಿ ಕಂಜೂಸ್ ಮಾಡ್ಬೇಡಿ. ಹೆದರ್ಕೊಂಡು ಹೊಡೆಯೋ ಮ್ಯಾಗ್ನಮ್‌ಗಿಂತ ಕೈಗೆ ಪಳಗಿದ .30-06 ವಾಸಿ ಅಂತ ಇಲ್ಲಿನ ಫಿಶ್ ಅಂಡ್ ಗೇಮ್ ಇಲಾಖೆಯವರೂ ಹೇಳ್ತಾರೆ.

ಗೈಡ್‌ಗಳೆಲ್ಲ ಇನ್ನೂ ದೊಡ್ಡ ತೋಟಾದ .375 ರೈಫಲ್ ಹಿಡ್ಕೊಂಡಿರ್ತಾರಲ್ಲ ಅಂತೀರ. ಅವ್ರ ಕೆಲ್ಸ ಬೇರೆ ಸ್ವಾಮಿ, ನೀವು ಗಾಯ ಮಾಡಿದ ಕರಡಿ ಮೇಲೆ ಬಿದ್ರೆ ಅದನ್ನ ನಿಲ್ಲಿಸೋಕೆ ಇಟ್ಕೊಂಡಿರೋದು ಅದು. ಮತ್ತೆ ಮೊದಲ್ನೇ ಸಲಕ್ಕೇ ಕಂದು ಕರಡಿ ಆಸೆ ಬೇಡ, ಕಪ್ಪು ಕರಡೀನೇ ನೋಡಿ. ಮ್ಯಾಗ್ನಮ್ ದುಡ್ಡಲ್ಲಿ ತೋಟಾ ತಗೊಂಡು ಮುಂಗಾಲಿನ ಹಿಂದಿನ ಶ್ವಾಸಕೋಶದ ಗುರೀನೇ ಇಟ್ಟು ಪ್ರಾಕ್ಟೀಸ್ ಮಾಡಿ, ನಡುನಡುವೆ ಯಾರ ಕೈಲಾದ್ರೂ ಡಮ್ಮಿ ಹಾಕಿಸ್ಕೊಳ್ಳಿ.

ನಾನು .338 ಲಾಸಿಗೆ ಮಾರಿ, ಮುಂದಿನ ವರ್ಷ ಮುದುಕನ ಹಳೇ .30-06 ಸಾಲ ಇಸ್ಕೊಂಡು ಹೋದೆ. ಒಂದೇ ಈಡು, ಮೂವತ್ತು ಗಜ ಓಡಿ ಬಿತ್ತು. ಊರಿಂದ ತಂದಿದ್ದ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿ ಪಂದಿ ಕರಿ ಥರಾನೇ ಮಾಡಿದ್ವಿ, ಕರಡಿ ಮಾಂಸದಲ್ಲಿ ಹುಳದ ಕಾಟ ಇರುತ್ತೆ ಅಂತ ಮೂರು ಗಂಟೆ ಬೇಯಿಸಿ.