ಚುಕ್ಕೆ ಆಮೇಲೆ, ಮೊದಲು ಕಿವಿ ನೋಡಿ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಡಾಲ್ಮೇಶಿಯನ್ ನಾಯಿ ಮೊದಲ ಸೂಲಿನಲ್ಲೇ ಎಂಟು ಮರಿ ಹಾಕಿದೆ, ಎಂಟೂ ಗಟ್ಟಿಯಾಗಿವೆ. ಓದಿ ತುಂಬಾ ಖುಷಿಯಾಯಿತು. ಈಗ ಅವಕ್ಕೆ 20 ದಿನ. ಡಾಗ್ ಶೋಗಳಿಗೆ ಹೋಗುವ ಇಬ್ಬರು ಮನೆಗೆ ಬಂದು, ಚುಕ್ಕೆ ನೋಡಿ ಒಂದೊಂದು ಮರಿ ಆರಿಸಿ ಹೋಗಿದ್ದಾರೆ. ಆ ಎರಡನ್ನು ಬೇರೆ ಇಡಿ, ಜಾಸ್ತಿ ತಿನ್ನಿಸಿ, ಸುಮ್ನೆ ಎತ್ತಿ ಮುದ್ದಾಡಬೇಡಿ ಎಂದಿದ್ದಾರೆ. ಹಾಗೇ ಮಾಡಬೇಕಾ ಎಂದು ಕೇಳಿದ್ದೀರಿ.

ಬೇಡ. ಆ ಮೂರರಲ್ಲಿ ಒಂದನ್ನೂ ಮಾಡಬೇಡಿ.

ಮೊದಲು ಚುಕ್ಕೆಯ ವಿಷಯ. ಡಾಲ್ಮೇಶಿಯನ್ ಮರಿ ಹುಟ್ಟುವಾಗ ಬೆಳ್ಳಗಿರುತ್ತದೆ, ನೀವೇ ನೋಡಿದ್ದೀರಿ ಅಲ್ವಾ? ಎರಡನೇ ವಾರದ ಹೊತ್ತಿಗೆ ಚುಕ್ಕೆ ಕಾಣಲು ಶುರುವಾಗುತ್ತದೆ. ಆಮೇಲೂ ತಿಂಗಳುಗಟ್ಟಲೆ ಹೊಸವು ಮೂಡುತ್ತಲೇ ಇರುತ್ತವೆ. 20 ದಿನಕ್ಕೆ ಕಾಣುವುದು ಅರ್ಧಂಬರ್ಧ.

ನನಗೆ ಚಿಂತೆ ಇರುವುದು ಕಿವಿಯದ್ದು. ಈ ತಳಿಯಲ್ಲಿ ಹುಟ್ಟುಕಿವುಡು ಬೇರೆ ಎಷ್ಟೋ ತಳಿಗಳಿಗಿಂತ ಜಾಸ್ತಿ. ಬಿಳಿ ಮೈಗೂ ಇದಕ್ಕೂ ನಂಟಿದೆ. ಮೈಗೆ ಬಣ್ಣ ಕೊಡುವ ಜೀವಕೋಶಗಳು ಒಳಕಿವಿಯಲ್ಲೂ ಇರಬೇಕು. ಅಲ್ಲಿ ಅವು ಇಲ್ಲದಿದ್ದರೆ, ಸದ್ದು ಹಿಡಿಯುವ ಕೋಶಗಳು ಹುಟ್ಟಿದ ಕೆಲವೇ ವಾರಗಳಲ್ಲಿ ಸಾಯುತ್ತವೆ. ನೀಲಿ ಕಣ್ಣಿನ ಮರಿಗಳಲ್ಲಿ ಈ ಭಯ ಇನ್ನೂ ಹೆಚ್ಚು.

ಗುಂಪಿನಲ್ಲಿರುವಾಗ ಕಿವುಡು ಮರಿ ಯಾವುದು ಎಂದು ಗೊತ್ತಾಗುವುದೇ ಇಲ್ಲ. ನಮ್ಮ ಮನೆಯಲ್ಲೇ ಹಾಗಾಗಿತ್ತು. ಊಟದ ಹೊತ್ತಿಗೆ ತಟ್ಟೆ ಬಡಿದರೆ ಏಳು ಮರಿಗಳೂ ಓಡಿ ಬರುತ್ತಿದ್ದವು. ಒಂದು ದಿನ ಆರು ಮರಿ ಹೊರಗೆ ಆಡುತ್ತಿದ್ದವು, ಒಂದು ಮಾತ್ರ ಪೆಟ್ಟಿಗೆಯಲ್ಲಿ ಮಲಗಿತ್ತು. ನನ್ನ ಕೈಜಾರಿ ಸ್ಟೀಲ್ ತಟ್ಟೆ ಅದರ ಪಕ್ಕದಲ್ಲೇ ಬಿತ್ತು. ಮರಿಯ ಕಿವಿ ಕೂಡ ಅಲುಗಲಿಲ್ಲ. ಉಸಿರಿಗೆ ಹೊಟ್ಟೆ ಏರಿಳಿಯುತ್ತಿತ್ತು, ಅಷ್ಟೆ. ಅಲ್ಲಿಯವರೆಗೆ ಅದು ಉಳಿದವು ಎದ್ದರೆ ಏಳುತ್ತಿತ್ತು, ಓಡಿದರೆ ಹಿಂದೆ ಓಡುತ್ತಿತ್ತು. ಅದನ್ನು ಶೋ ಮರಿ ಎಂದು ಒಬ್ಬರಿಗೆ ಮಾತು ಕೊಟ್ಟಾಗಿತ್ತು. ಅವರಿಗೆ ಫೋನ್ ಮಾಡಿ ಹೇಳುವಾಗ ನನ್ನ ಗಂಟಲು ಕಟ್ಟಿತ್ತು.

ಒಂದೇ ಕಿವಿ ಕೇಳಿಸದ ಮರಿಯನ್ನಂತೂ ತಟ್ಟೆ ಬೀಳಿಸಿ ಪತ್ತೆ ಮಾಡಲಾಗುವುದಿಲ್ಲ. ಅದಕ್ಕೆ ಬೇರ್ (BAER) ಎನ್ನುವ ಕಿವಿ ಪರೀಕ್ಷೆಯೇ ಆಗಬೇಕು. ತಲೆಯ ಚರ್ಮದಡಿ ಸಣ್ಣ ಸೂಜಿಗಳನ್ನಿಟ್ಟು, ಒಂದೊಂದು ಕಿವಿಗೂ ಪ್ರತ್ಯೇಕವಾಗಿ ಟಿಕ್ ಟಿಕ್ ಸದ್ದು ಕೇಳಿಸುತ್ತಾರೆ. ಸದ್ದು ಮೆದುಳಿಗೆ ಮುಟ್ಟಿತೋ ಇಲ್ಲವೋ ಎಂದು ಯಂತ್ರ ತೋರಿಸುತ್ತದೆ. ಕೆಲವೇ ನಿಮಿಷದ ಕೆಲಸ. 5 ವಾರ ತುಂಬಿದ ಮೇಲೆ ಮಾಡಿಸಿ, ಎಂಟಕ್ಕೂ ಮಾಡಿಸಿ. ಒಂದು ಕಿವಿ ಕೇಳಿಸಿದರೂ ಸಾಕು, ಮನೆಯ ನಾಯಿಯಾಗಿ ಚೆನ್ನಾಗಿಯೇ ಬದುಕುತ್ತದೆ. ಆದರೆ ಅದರಿಂದ ಮರಿ ಮಾಡಿಸಬಾರದು. ಶೋಗೆ ಒಯ್ಯುವವರಲ್ಲಿ ಹೆಚ್ಚಿನವರಿಗೆ ಮುಂದೆ ಮರಿ ಮಾಡಿಸುವ ಆಸೆಯೂ ಇರುತ್ತದೆ. ಹಾಗಾಗಿ ಪರೀಕ್ಷೆಯ ಕಾಗದ ಕೈಗೆ ಬರುವ ತನಕ ಯಾರ ಹತ್ತಿರವೂ ಮುಂಗಡ ತಗೋಬೇಡಿ.

ಇನ್ನು ಬೇರೆ ಇಡುವ ಮಾತು. ಶೋನಲ್ಲಿ ನಾಯಿಗಳನ್ನು ನಿಲ್ಲಿಸಿ ನೋಡುವ ರಿಂಗ್‌ನಲ್ಲಿ ಏನಾಗುತ್ತದೆ ಯೋಚಿಸಿ. ಗುರುತೇ ಇಲ್ಲದ ಜಡ್ಜ್ ಬಂದು ತುಟಿ ಎತ್ತಿ ಹಲ್ಲು ನೋಡುತ್ತಾರೆ. ಬೆನ್ನು, ಎದೆ, ತೊಡೆ ಮುಟ್ಟುತ್ತಾರೆ. ಗಂಡಾದರೆ ಎರಡೂ ಬೀಜ ಕೆಳಗಿಳಿದಿವೆಯಾ ಎಂದು ಕೈಯಿಟ್ಟು ನೋಡುತ್ತಾರೆ. ಯಾರೂ ಮುಟ್ಟದೆ ಬೆಳೆದ ಮರಿ ಇದನ್ನೆಲ್ಲ ಹೇಗೆ ತಡೆದುಕೊಂಡೀತು? 3ನೇ ವಾರದಿಂದ ಸುಮಾರು 12ನೇ ವಾರದವರೆಗೆ ಮರಿ ಹೊಸದನ್ನು ಹೆದರದೆ ಒಪ್ಪಿಕೊಳ್ಳುವ ಕಾಲ. ಆ ಕಾಲ ಈಗ ತಾನೇ ಶುರುವಾಗಿದೆ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎನ್ನುವುದನ್ನು ಕೂಡ ಜೊತೆಯ ಮರಿಗಳೇ ಕಲಿಸಬೇಕು. ದಿನಕ್ಕೊಮ್ಮೆ ಒಂದೊಂದು ಮರಿಯನ್ನೂ ರಬ್ಬರ್ ಮ್ಯಾಟ್ ಹಾಸಿದ ತಗ್ಗು ಮೇಜಿನ ಮೇಲೆ ನಿಲ್ಲಿಸಿ. ತುಟಿ ಎತ್ತಿ, ಪಾದ ಹಿಡಿಯಿರಿ. ಅರ್ಧ ನಿಮಿಷ ಸಾಕು. ಆಮೇಲೆ ಎಷ್ಟು ಬೇಕಾದರೂ ಮುದ್ದಾಡಿ.

ಜಾಸ್ತಿ ತಿನ್ನಿಸುವುದಂತೂ ಬೇಡವೇ ಬೇಡ, ಎಳೆಯ ಕೀಲುಗಳ ಮೇಲೆ ಭಾರ ಬೀಳುತ್ತದೆ. ತೂಕ ಬರೆದಿಡುತ್ತಿದ್ದೀರಲ್ಲ, ಅದನ್ನು ಬಿಡಬೇಡಿ. ಜಂತಿನ ಔಷಧಿ, ಲಸಿಕೆಯನ್ನು ನಿಮ್ಮ ಪಶುವೈದ್ಯರು ಹೇಳಿದ ದಿನಕ್ಕೇ ಕೊಡಿ.

ಆ ಇಬ್ಬರನ್ನು 8 ವಾರ ತುಂಬಿದ ಮೇಲೆ ಮತ್ತೆ ಕರೆಯಿರಿ. ಆಗಲೂ 'ಶೋಗೆ ಆಗಬಹುದು' ಎನ್ನಿ, 'ಆಗುತ್ತದೆ' ಎನ್ನಬೇಡಿ. ಹಾಲುಹಲ್ಲು ಉದುರಿ 42 ಹಲ್ಲು ಬರುವಷ್ಟರಲ್ಲಿ 6-7 ತಿಂಗಳಾಗುತ್ತದೆ, ಅಷ್ಟರಲ್ಲಿ ದವಡೆಯ ಹೊಂದಿಕೆ ಬದಲಾಗಬಹುದು. ಒಂದು ಪ್ರಶ್ನೆ ಮಾತ್ರ ನೇರವಾಗಿ ಕೇಳಿ: ಇದು ಶೋಗೆ ಆಗದಿದ್ದರೆ ನೀವೇ ಇಟ್ಟುಕೊಳ್ಳುತ್ತೀರಾ, ಇಲ್ಲಾ ನಮಗೆ ವಾಪಸ್ ಕೊಡುತ್ತೀರಾ? ಉತ್ತರವನ್ನು ಬರೆಸಿ ಸಹಿ ಹಾಕಿಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಮರಿ ಕೊಡಬೇಡಿ.

ಉಳಿದ ಆರು ಮರಿಗಳ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಅವಕ್ಕೆ ಮನೆ ಸಿಕ್ಕಿದೆಯಾ? ಮುಂದಿನ ಪತ್ರದಲ್ಲಿ ತಿಳಿಸಿ.

— ಸಂಪಾದಕ