ಒಂಬತ್ತು ತಿಂಗಳ ಮಗು ಪುಸ್ತಕ ಕಚ್ಚುವುದರ ಬಗ್ಗೆ

ನಿಮ್ಮ ಒಂಬತ್ತು ತಿಂಗಳ ಮಗಳು ಪುಸ್ತಕವನ್ನು ಬಾಯಿಗೆ ಹಾಕುತ್ತಾಳೆ, ಕಥೆ ಮುಗಿಯುವವರೆಗೆ ಕೂರುವುದಿಲ್ಲ, ಆದ್ದರಿಂದ ಓದಿ ಹೇಳುವುದನ್ನು ಎರಡು ವರ್ಷದವರೆಗೆ ಮುಂದೂಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಮುಂದೂಡಬೇಡಿ. ಈ ವಯಸ್ಸಿನ ಕೂಸು ಯಾವ ವಸ್ತುವನ್ನಾದರೂ ಬಾಯಿಂದಲೂ ಕೈಯಿಂದಲೂ ಅರಿಯುತ್ತದೆ. ದಪ್ಪ ರಟ್ಟಿನ ಹಾಳೆಗಳ, ಮೂಲೆ ದುಂಡಗಿರುವ ಪುಸ್ತಕ ಕೊಟ್ಟು, ಆಮೇಲೆ ಒರೆಸಿಡಿ. ಪೂರ್ತಿ ಓದಲೇಬೇಕೆಂಬ ಹಟವೂ ಬೇಡ. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಣ್ಣು ಹಸುವಿನ ಚಿತ್ರದ ಮೇಲೆ ನಿಂತರೆ ನೀವೂ ಅಲ್ಲೇ ನಿಂತು, ‘ಅಂಬಾ ಎಲ್ಲಿದೆ?’ ಎಂದು ಕೇಳಿ, ಅವಳು ಸದ್ದು ಮಾಡುವವರೆಗೆ ಕಾದು, ಆ ಸದ್ದಿಗೆ ಉತ್ತರ ಕೊಡಿ. ಮಾತು ಬೆಳೆಯುವುದು ಈ ಕೊಡುಕೊಳ್ಳುವಿಕೆಯಲ್ಲಿ ಎಂಬುದು ನನ್ನ ದೃಢವಾದ ನಂಬಿಕೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 2014ರಲ್ಲಿ, ಶೈಶವದಿಂದಲೇ ಮಕ್ಕಳಿಗೆ ಓದಿ ಹೇಳುವಂತೆ ಸಲಹೆ ನೀಡಿತು. ಮಕ್ಕಳ ಪುಸ್ತಕಗಳ ಪ್ರಕಾಶನ ಸಂಸ್ಥೆಯಾದ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಆದರೆ ಅವನ್ನು ನೀವು ಮೊದಲೇ ಓದಿಕೊಂಡು, ಮೊಬೈಲ್ ಬದಿಗಿಟ್ಟು, ಬಾಯಲ್ಲೇ ಹೇಳಿ.