ಜೂನ್‌ನಿಂದ ಹಿಂದಕ್ಕೆ ಎಣಿಸಿ

ಪತ್ರ: ಕಾರವಾರದಲ್ಲಿ 24 ಮನೆಗಳ ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ಹೊಸ ಕಮಿಟಿ ಬಂದಿದೆ. ನಾನು ಕಾರ್ಯದರ್ಶಿ. ಜನವರಿಯ ಮೊದಲ ಮೀಟಿಂಗ್‌ನಲ್ಲೇ 17 ಕೆಲಸಗಳ ಪಟ್ಟಿ ಆಯಿತು. ತಾರಸಿ ಸೋರಿಕೆ, ಸಿಸಿಟಿವಿ, ಗೇಟಿಗೆ ಬಣ್ಣ, ಮಕ್ಕಳಿಗೆ ಜೋಕಾಲಿ, ಹೀಗೆ. ಮನೆಗೆ ತಿಂಗಳಿಗೆ 1,500 ರೂಪಾಯಿ ಮೇಂಟೆನೆನ್ಸ್. ಖರ್ಚು 26,000. ಐದು ಮನೆಯವರು ಕೊಡುತ್ತಿಲ್ಲ. ಎಲ್ಲಿಂದ ಶುರು ಮಾಡೋಣ?

ಸಂಪಾದಕರ ಉತ್ತರ: ಪಟ್ಟಿ ಪಕ್ಕಕ್ಕಿಡಿ, ಕ್ಯಾಲೆಂಡರ್ ತೆಗೆಯಿರಿ. ಲೆಕ್ಕದ ವರ್ಷ ಏಪ್ರಿಲ್ 1ಕ್ಕೆ ಶುರುವಾಗುತ್ತೆ, ಸರಿ. ಆದರೆ ಕರಾವಳಿಯ ಕಟ್ಟಡಕ್ಕೆ ವರ್ಷ ಅಂದ್ರೆ ಮಳೆಗಾಲದಿಂದ ಮಳೆಗಾಲಕ್ಕೆ. ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ ಬೀಳುವ ಊರು ನಿಮ್ಮದು. ಜೂನ್ ಮೊದಲ ವಾರದಿಂದ ಹಿಂದಕ್ಕೆ ಎಣಿಸಿ.

ನಾನೂ ಎರಡು ವರ್ಷ ನಮ್ಮ ಕಟ್ಟಡದ ಕಾರ್ಯದರ್ಶಿಯಾಗಿದ್ದೆ. ತಾರಸಿ ಕೆಲಸಕ್ಕೆ ಮೂರು ಕೊಟೇಶನ್ ತರಿಸಿ, ಯಾರದ್ದು ಕಡಿಮೆ ಅಂತ ವಾದ ಮಾಡುತ್ತಾ ಏಪ್ರಿಲ್ ಕಳೆದೆವು. ಮೇ 20ಕ್ಕೆ ಹಳೇ ಗಾರೆ ಕೆತ್ತಿದರು. ನಾಲ್ಕನೇ ದಿನ ಮಳೆ! ತಾಡಪತ್ರಿ ಹೊದಿಸಿ ಹೋದ ಗುತ್ತಿಗೆದಾರರು ಮತ್ತೆ ಬಂದದ್ದು ಅಕ್ಟೋಬರ್‌ಗೆ. ಮೇಲಿನ ಮಹಡಿಯ ಅಜ್ಜಿ ದೇವರ ಕೋಣೆಯಲ್ಲಿ ಬಕೆಟ್ ಇಟ್ಟಿದ್ದರು. ಒಂದೊಂದು ಬಕೆಟ್ ತುಂಬಿದಾಗಲೂ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಒಂದು ಗೀಟು. ಸಾಮಾನ್ಯ ಸಭೆಗೆ ಆ ಕ್ಯಾಲೆಂಡರನ್ನೇ ತಂದು ನನ್ನ ಮುಂದೆ ಇಟ್ಟರು. ಜುಲೈ ಪುಟದಲ್ಲಿ ತಾರೀಕೇ ಕಾಣುತ್ತಿರಲಿಲ್ಲ.

ಆದ್ದರಿಂದ ತಾರಸಿ ಕೆಲಸ ಮೇ 15ರೊಳಗೆ ಮುಗಿಯಲಿ. ಕೊನೆಗೆ ಎರಡು ದಿನ ನೀರು ಕಟ್ಟಿ ನಿಲ್ಲಿಸಿ, ಕೆಳಗಿನ ಮನೆಗಳ ಸೀಲಿಂಗ್ ನೋಡಬೇಕು. ಅದಾದ ಮೇಲೇ ಕೊನೆಯ ಕಂತು ಕೊಡಿ. ಹಾಗಾದರೆ ಏಪ್ರಿಲ್ ಮೊದಲ ವಾರ ಕೆಲಸ ಶುರು, ಮಾರ್ಚ್‌ನಲ್ಲಿ ಮುಂಗಡ, ಫೆಬ್ರವರಿಯಲ್ಲಿ ಕೊಟೇಶನ್. ಗಟಾರದ ಹೂಳು, ಮೀಟರ್ ಬೋರ್ಡಿನ ತುಕ್ಕು, ವಾಲಿದ ತೆಂಗಿನ ಮರ, ಇವೂ ಆ ಲೆಕ್ಕದಲ್ಲೇ ಬರಲಿ.

ಇನ್ನು ದುಡ್ಡು. 24 ಮನೆಯಿಂದ 36,000 ಬರಬೇಕು, ಖರ್ಚು ಕಳೆದು 10,000 ಉಳಿಯಬೇಕು. ಐದು ಮನೆಯ 7,500 ಬರದಿದ್ದರೆ ಕೈಯಲ್ಲಿ ಉಳಿಯೋದು 2,500. ಇಷ್ಟರಲ್ಲಿ 17 ಕೆಲಸ ಆಗುತ್ತಾ? ಬಾಕಿ ವಸೂಲಿಯೇ ನಿಮ್ಮ ಮೊದಲ ಕೆಲಸ. ಲಿಫ್ಟಿನ ಬಾಗಿಲಿಗೆ ಬಾಕಿದಾರರ ಹೆಸರು ಮಾತ್ರ ಅಂಟಿಸಬೇಡಿ. ದುಡ್ಡು ಬರೋದಿಲ್ಲ, ಜಗಳ ಬರುತ್ತೆ. ನಿಮ್ಮ ಊರಲ್ಲಿ ಕೈಗಾ, ನೌಕಾನೆಲೆ ಅಂತ ವರ್ಗವಾಗಿ ಹೋಗುವ ಬಾಡಿಗೆದಾರರು ಜಾಸ್ತಿ, ಮಾಲೀಕರು ಮುಂಬೈಯಲ್ಲೋ ಗೋವಾದಲ್ಲೋ ಇರುತ್ತಾರೆ. ಎಷ್ಟೋ ಸಲ ಬಾಕಿ ಇರೋದೇ ಅವರಿಗೆ ಗೊತ್ತಿರೋದಿಲ್ಲ. ಫೋನ್ ಮಾಡಿ, ಎರಡು ಕಂತಿನಲ್ಲಿ ಕೇಳಿ.

ವಾರ್ಷಿಕ ಸಭೆಗೆ ಬೈಲಾ ಅಡ್ಡಿ ಬರದಿದ್ದರೆ ಚೌತಿಯ ಆಸುಪಾಸಿನ ಭಾನುವಾರ ಇಡಿ. ಹೊರಗಿನ ಮಾಲೀಕರು ಊರಿಗೆ ಬರೋದೇ ಆಗ, ಅಲ್ವಾ? ಅಷ್ಟರಲ್ಲಿ ಮಾರ್ಚ್ 31ರವರೆಗಿನ ಲೆಕ್ಕದ ಆಡಿಟ್ ಕೂಡ ಆಗಿರುತ್ತೆ. ನಿಮ್ಮ ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಅಡಿ ನೋಂದಣಿ ಆಗಿದ್ದರೆ, ಸಭೆಯಾದ 14 ದಿನದೊಳಗೆ ಕಮಿಟಿಯ ಪಟ್ಟಿ, ಲೆಕ್ಕಪತ್ರ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಹಿಂದಿನ ಕಮಿಟಿ ಸಲ್ಲಿಸಿದೆಯಾ ಅಂತ ಈಗಲೇ ಕೇಳಿ.

ಸಿಸಿಟಿವಿ, ಜೋಕಾಲಿ ಎಲ್ಲ ಆ ಸಭೆಯಲ್ಲಿ ಮಾತಾಡಿ. ಗೇಟಿಗೆ ಬಣ್ಣ ಮಳೆ ಮುಗಿದ ಮೇಲೆ. ಉಪ್ಪು ಗಾಳಿಗೆ ಹೇಗೂ ಮತ್ತೆ ತುಕ್ಕು ಹಿಡಿಯುತ್ತೆ ಬಿಡಿ.

ಒಂದು ಮರೆತಿದ್ದೆ. ಬ್ಯಾಂಕಿನಲ್ಲಿ ಸಹಿ ಬದಲಾಯಿಸಿದ್ದೀರಾ? ಹಳೇ ಖಜಾಂಚಿ ಮಗಳ ಮನೆಗೆ ಅಂತ ಎರಡು ತಿಂಗಳು ಹೋಗಿಬಿಟ್ಟರೆ ವಾಚ್‌ಮನ್ ಸಂಬಳಕ್ಕೂ ಚೆಕ್ ಬರೆಯೋಕೆ ಆಗೋದಿಲ್ಲ. ಸಭೆಯ ಠರಾವಿನ ನಕಲು ಹಿಡಿದು ಈ ವಾರವೇ ಹೋಗಿಬನ್ನಿ.